ಕಾಳಪ್ಪನವರ ಉರಿಗೆ ಕಾರಣ ಹುಡುಕಿದವರು

ಸಕ್ಕರೆ ಕಾಯಿಲೆಯವರ ನರಗಳು ಏಕೆ ಬೇಯುತ್ತವೆ ಎಂಬ ಪ್ರಶ್ನೆಯನ್ನು ಪ್ರಯೋಗಶಾಲೆಯಿಂದ ಎತ್ತಿ ತಂದು ನಮ್ಮ ಹಳ್ಳಿಗಳ ಜಗಲಿಯ ಮೇಲೆ ಕೂರಿಸಿದ ಕೀರ್ತಿ, ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ಪ್ರಮೀಳಾ ಅವರದು. ಸಕ್ಕರೆ ನಾಡಿನಲ್ಲೇ ಕುಳಿತು ಸಕ್ಕರೆಯ ಮೇಲೆ ದೂರು ಬರೆದ ಧೈರ್ಯವೂ ಅವರದೇ.

೧೯೯೪ರಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಅವರು ಅಧ್ಯಯನ ಆರಂಭಿಸಿದಾಗ ರಕ್ತಪರೀಕ್ಷೆಯ ಕೆಲಸ ನನ್ನದಾಗಿತ್ತು. ಬೆನ್ನ ಹಿಂದೆ ಅವರ ದನಿಯನ್ನು ಅಣಕಿಸಿ ಸಿಕ್ಕಿಬಿದ್ದ ನನ್ನನ್ನು ಗದರಿಸದೆ, “ಚೆನ್ನಾಗಿದೆ, ನಾನು ರಜೆ ಹಾಕಿದ ದಿನ ನೀವೇ ಮಾತಾಡಿಬಿಡಿ” ಎಂದ ಅವರ ದೊಡ್ಡ ಮನಸ್ಸನ್ನು ಸ್ಮರಿಸದಿರಲಾರೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಸಂಕಟ ಎದುರಾಯಿತು. ಹೊಸಹೊಳಲಿನ ಕಮ್ಮಾರ ಕಾಳಪ್ಪನವರಂತೆ, ಅಂಗಾಲಿಗೆ ಹೊದಿಕೆ ತಗುಲಿದರೂ ಚೀರುವಂಥವರ ರಕ್ತದಲ್ಲಿ ಸಕ್ಕರೆ ಸಾಧುವಾಗಿ ಕುಳಿತಿತ್ತು. ನರದ ನೋವಿಗೆ ಸಕ್ಕರೆಯೇ ಕಾರಣವೆಂದು ಆರು ತಿಂಗಳಲ್ಲಿ ತೋರಿಸಿ, ಇಲ್ಲವೇ ಅಧ್ಯಯನ ನಿಲ್ಲಿಸಿ ಎಂದು ಪರಿಶೀಲನಾ ಸಮಿತಿ ಬರೆಯಿತು.

ಒಂದು ಬೆಳಿಗ್ಗೆ ಮೇಡಂ ಹೇಳದೆ ಕೇಳದೆ ಕಾಳಪ್ಪನವರ ಮನೆಗೇ ಹೋದರು. ಜೊತೆಯಲ್ಲಿ ನಾನೂ ಇದ್ದೆ. ಕಾಳಪ್ಪನವರ ಕೈಯಲ್ಲಿ ಒಬ್ಬಟ್ಟು! ಗುಟ್ಟು ಬಿಚ್ಚಿದವರು ಅವರ ಅಕ್ಕ ಬೈರಮ್ಮ:

“ಕ್ಯಾಂಪು ಅಂತ ತಮಟೆ ಹೊಡೆದ್ರೆ ಸಾಕು ಕಣವ್ವ, ನಾಕು ದಿನ ಬಾಯಿ ಕಟ್ಕಂಡು ಕುಂತ್ಕತಾನೆ. ಊರೆಲ್ಲಾ ಅಂಗೇಯ. ಟೆಸ್ಟು ಮುಗೀತಿದ್ದಂಗೆ ಪಾಯ್ಸ!”

“ಡಾಕ್ಟ್ರವ್ವ ಅಷ್ಟು ದೂರದಿಂದ ಬಂದಾಗ ನಾವು ಫೇಲಾಗ್ಬುಟ್ರೆ ಅವ್ರ ಮರ್ವಾದೆ ಏನಾಯ್ತದೆ?” ಎಂದು ಕಾಳಪ್ಪ ಗೊಣಗಿದರು.

“ಮರ್ಯಾದೆ ಉಳಿಸೋಕೆ ಹೋಗಿ ನನ್ನನ್ನೇ ಫೇಲು ಮಾಡಿದ್ರಲ್ಲಪ್ಪ!” ಎಂದ ಮೇಡಂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಒಬ್ಬಟ್ಟನ್ನು ಮಾತ್ರ ಕಿತ್ತುಕೊಂಡು ನನ್ನ ಕೈಗಿಟ್ಟರು.

ಅಂದಿನಿಂದ, ಕಳೆದ ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ಬಯಲಿಗೆಳೆಯುವ ಬೇರೆ ಪರೀಕ್ಷೆ ಶುರುವಾಯಿತು. ನಾಲ್ಕು ದಿನದ ಪಥ್ಯ ಅದರ ಮುಂದೆ ನಡೆಯುವಂತಿರಲಿಲ್ಲ. ರಕ್ತದ ಸೀಸೆಗಳನ್ನು ಐಸ್ ಡಬ್ಬಿಯಲ್ಲಿಟ್ಟು ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರಿಗೆ ಒಯ್ಯುತ್ತಿದ್ದೆ. ಐದನೆಯ ತಿಂಗಳಲ್ಲಿ ಉತ್ತರ ದೊರೆಯಿತು: ಮುನ್ನೂರ ಹನ್ನೆರಡು ಜನರಲ್ಲಿ, ಸಕ್ಕರೆಯ ಮಟ್ಟ ಎಷ್ಟು ಹೆಚ್ಚಿತ್ತೋ ನರಗಳೂ ಅಷ್ಟೇ ಹೆಚ್ಚು ಕೆಟ್ಟಿದ್ದವು. ಮೇಡಂ ವರದಿ ಓದಿ ಮುಗಿಸಿದಾಗ ಅದೇ ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಂದು ವರ್ಷ ಪಥ್ಯ, ಔಷಧಿಗಳನ್ನು ನಿಜವಾಗಿಯೇ ಪಾಲಿಸಿದ ಕಾಳಪ್ಪ ಆಸ್ಪತ್ರೆಗೆ ಬಂದು, “ನೆನ್ನೆ ಸಂಜೆಗಂಟ ಕುಲುಮೆ ಮುಂದೆ ನಿಂತಿದ್ದೆ ಕಣ್ರವ್ವ” ಎಂದು ಎದೆ ಸೆಟೆಸಿ ನಿಂತದ್ದು ಅದಕ್ಕಿಂತ ದೊಡ್ಡ ಸನ್ಮಾನ.

ಆದರೂ ಮೇಡಂ ತೃಪ್ತರಲ್ಲ. ಸಕ್ಕರೆ ಒಂದೇ ಮಟ್ಟದಲ್ಲಿರುವ ಇಬ್ಬರಲ್ಲಿ ಒಬ್ಬರಿಗೆ ಉರಿ ಬಂದು ಇನ್ನೊಬ್ಬರಿಗೆ ಬಾರದಿರುವುದೇಕೆ ಎಂಬುದನ್ನು ಹುಡುಕಲೆಂದು ನಿವೃತ್ತಿಯ ಮರುದಿನವೇ ನಾಗಮಂಗಲದ ಬಸ್ಸು ಹತ್ತುತ್ತಾರಂತೆ. ಆ ಉತ್ತರ ಸಿಗುವಷ್ಟು ದೀರ್ಘಾಯುಷ್ಯ ಅವರಿಗಿರಲಿ. ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ ಎತ್ತುವಷ್ಟು ಆರೋಗ್ಯವೂ ಇರಲಿ.