ಎಂಬತ್ತೇಳರಲ್ಲಿ ಒಂದು ಪಾಲಿನ ಲಾರಿ

ಸಣ್ಣದು ಎನ್ನುವ ಮಾತಿಗೆ ಯಾವ ಅಳತೆಯೂ ಇಲ್ಲ ಎಂದು ನನಗೆ ಗೊತ್ತಾದದ್ದು ಮಿಲಿಟರಿ ಲಾರಿ ಹುಡುಕಲು ಹೊರಟ ಮೇಲೆ. ಕಾಸರಗೋಡಿನ ಫ್ಯಾನ್ಸಿ ಅಂಗಡಿಗಳಲ್ಲಿ "ಸಣ್ಣ ಲಾರಿ ಉಂಟಾ, ಪಟ್ಟಾಳದ್ದು?" ಎಂದು ಕೇಳಿದರೆ ಒಬ್ಬ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದು ತೋರಿಸುತ್ತಿದ್ದ, ಇನ್ನೊಬ್ಬ ಚಪ್ಪಲಿಯಷ್ಟು ಉದ್ದದ್ದು. ಎರಡೂ ಆಗುವುದಿಲ್ಲ ಎಂದರೆ, "ಮಕ್ಕಳಿಗೆ ಎಂತದಾದ್ರೂ ಆಗ್ತದೆ ಸಾರ್. ಮಗುವಿಗೆ ವಯಸ್ಸೆಷ್ಟು?" ಎನ್ನುತ್ತಿದ್ದರು. ನನಗೆ ಪಿತ್ತ ನೆತ್ತಿಗೇರುತ್ತಿತ್ತು. "ನಲವತ್ತೈದು" ಎಂದು ಹೇಳಿ ಇಳಿದು ಬರುತ್ತಿದ್ದೆ.

ನಲವತ್ತೈದು ನನ್ನ ಅಣ್ಣನ ವಯಸ್ಸು. ಸುಮಾರು ಇಪ್ಪತ್ತು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವನು 2003ರಲ್ಲಿ ಕಾರಡ್ಕದ ನಮ್ಮ ಮನೆಗೆ ವಾಪಸು ಬಂದ. ಅದರ ಹಿಂದಿನ ವರ್ಷ ಗಡಿಯಲ್ಲಿ ಪಡೆಗಳು ತಿಂಗಳುಗಟ್ಟಲೆ ನಿಂತಿದ್ದವಲ್ಲ, ಅವನೂ ಅಲ್ಲಿದ್ದ. ಬರುವಾಗ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತಂದಿದ್ದ. ಮಾತು ಮಾತ್ರ ಅಲ್ಲಿಯೇ ಎಲ್ಲೋ ಬಿಟ್ಟು ಬಂದಿದ್ದ. ಮದುವೆಯಾಗಿರಲಿಲ್ಲ, ಆಗುವುದಿಲ್ಲ ಎಂದ. ಮಂಗಳೂರಿನ ಡಾಕ್ಟರು ಬರೆದ ಮಾತ್ರೆ ನುಂಗಿ, ನನ್ನ ಹೆಂಡತಿ ಬಡಿಸಿದ್ದನ್ನು ಉಂಡು, ತಟ್ಟೆ ತಾನೇ ತೊಳೆದಿಟ್ಟು ಕೋಣೆಗೆ ಹೋಗುತ್ತಿದ್ದ. ಪೇಟೆಗೆ ಹೋದರೆ ಎಲ್ಲರೂ ಅವನನ್ನು ಮಿಲಿಟರಿ ಎಂದೇ ಕರೆಯುತ್ತಿದ್ದರು. "ಓ ಮಿಲಿಟರಿ ಬಂತು, ಮಿಲಿಟರಿಗೆ ಒಂದು ಚಾಯ ಕೊಡಿ" ಎಂದು ಬೆಂಚಿನಲ್ಲಿ ಜಾಗ ಮಾಡಿ ಅವನ ಮುಖವನ್ನೇ ನೋಡುತ್ತ ಕೂರುವರು, ಈಗ ಯುದ್ಧದ ಕಥೆ ಹೇಳುತ್ತಾನೆ ಎಂಬಂತೆ. ಅವನು ಚಾಯ ಕುಡಿದು ಎದ್ದು ಬರುತ್ತಿದ್ದ.

ನನಗೆ ಮುಳ್ಳೇರಿಯದಲ್ಲಿ ರೇಡಿಯೋ, ಟಿವಿ ರಿಪೇರಿಯ ಅಂಗಡಿ ಇತ್ತು. ಶಾಲೆಯಲ್ಲಿ ನನ್ನ ಜೊತೆ ಕಲಿತ ಒಬ್ಬ ಬ್ಯಾರಿ ಗೆಳೆಯ ದುಬೈಯಲ್ಲಿದ್ದ. ಒಮ್ಮೆ ರಜೆಯಲ್ಲಿ ಬಂದವನು ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟ. ಅವನ ಕಂಪೆನಿಯ ಸಾಹೇಬ ಊರಿಗೆ ಹೋಗುವಾಗ ಎಸೆಯಲು ಇಟ್ಟಿದ್ದ ಆಟದ ರೈಲು. ಎಂಜಿನ್ ಓಡುತ್ತಿರಲಿಲ್ಲ. ನಾನು ಎರಡೇ ದಿನದಲ್ಲಿ ಓಡಿಸಿದೆ. "ನೀನೇ ಇಟ್ಟುಕೋ ಮಾರಾಯ, ನನ್ನ ಮನೆಯಲ್ಲಿದ್ರೆ ಒಂದು ವಾರದಲ್ಲಿ ಪುಡಿ" ಎಂದ. ಪೆಟ್ಟಿಗೆಯ ಮೇಲೆ ಒಂದಕ್ಕೆ ಎಂಬತ್ತೇಳು ಎಂದು ಬರೆದಿತ್ತು. ನಿಜವಾದ ರೈಲನ್ನು ಎಂಬತ್ತೇಳು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಉದ್ದ ಎಂದು ಅರ್ಥ. ಆ ಅಳತೆಯಲ್ಲಿ ಒಬ್ಬ ಮನುಷ್ಯ ಎರಡು ಸೆಂಟಿಮೀಟರ್, ಒಂದು ಲಾರಿ ನನ್ನ ಮಧ್ಯದ ಬೆರಳಿನಷ್ಟು.

ಮಾಳಿಗೆಯ ಕೋಣೆಯಲ್ಲಿ ಪ್ಲೈವುಡ್ ಹಾಸಿ ಹಳಿ ಜೋಡಿಸಿದೆ. ಗೋಣಿಬಟ್ಟೆಯ ಮೇಲೆ ಪ್ಲಾಸ್ಟರ್ ಬಳಿದು ಗುಡ್ಡ ಮಾಡಿದೆ, ಗುಡ್ಡಕ್ಕೆ ಸುರಂಗ ಕೊರೆದೆ. ಸ್ಟೇಷನ್ನು ಕಟ್ಟಿ ಹಳದಿ ಬೋರ್ಡಿನಲ್ಲಿ ಮೂರು ಭಾಷೆಯಲ್ಲಿ ಕಾರಡ್ಕ ಎಂದು ಬರೆದೆ. ನಮ್ಮಲ್ಲಿಗೆ ರೈಲು ಬರುವ ಕಾಲಕ್ಕೆ ನಾನಂತೂ ಇರುವುದಿಲ್ಲ, ಹೀಗಾದರೂ ಬರಲಿ ಎಂದು. ಹೆಂಡತಿ ಮೇಲೆ ಬಂದು ನೋಡಿ, "ಅಡುಗೆಮನೆಯ ಮಿಕ್ಸಿ ಹಾಳಾಗಿ ಎರಡು ತಿಂಗಳಾಯ್ತು, ನೆನಪುಂಟಾ?" ಎಂದು ಕೇಳಿ ಇಳಿದು ಹೋದಳು.

ಒಂದು ಸಂಜೆ ಅಣ್ಣ ಮೇಲೆ ಬಂದ. ಬಾಗಿಲಲ್ಲಿ ನಿಂತು ನಾಲ್ಕು ಸುತ್ತು ನೋಡಿದ. ಮರುದಿನ ಒಳಗೆ ಬಂದು ಕುರ್ಚಿಯಲ್ಲಿ ಕೂತ. ವಾರ ಕಳೆದ ಮೇಲೆ ರೈಲು ನಿಲ್ಲಿಸುವ ಸ್ವಿಚ್ಚು ತಾನೇ ಹಿಡಿದ. "ಕಾರಡ್ಕದಲ್ಲಿ ಮೂರು ನಿಮಿಷ ನಿಲ್ಸಬೇಕು. ಚಾಯ ಕುಡಿಯುವವರು ಕುಡೀಲಿ" ಎಂದ. ಅವನು ಬಂದ ಮೇಲೆ ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ಆಮೇಲೆ ದಿನವೂ ಆರರಿಂದ ಏಳರವರೆಗೆ ನಾವಿಬ್ಬರೂ ಅಲ್ಲಿ. ಗುಡ್ಡಕ್ಕೆ ಗೇರು ಮರ ಬೇಕು ಎನ್ನುತ್ತಿದ್ದ. ಅಡೂರಿನಿಂದ ಬರುವವರಿಗೆ ಇಲ್ಲೊಂದು ಜೀಪ್ ಸ್ಟ್ಯಾಂಡ್ ಮಾಡು ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ನಾವು ಕದ್ದು ತಿಂದ ಗೇರುಹಣ್ಣಿನ ಸುದ್ದಿ, ಸತ್ತುಹೋದ ಅಮ್ಮನ ಸುದ್ದಿ, ಎಲ್ಲವೂ ಬರುತ್ತಿತ್ತು. ಒಂದೆರಡು ಸಲ ನಕ್ಕದ್ದೂ ಉಂಟು. ಏಳು ಗಂಟೆಗೆ ಸ್ವಿಚ್ಚು ಆರಿಸಿ ಕೆಳಗಿಳಿದರೆ ಮತ್ತೆ ಮೂಕ. ಆ ಒಂದು ಗಂಟೆಗೋಸ್ಕರ ನಾನು ಅಂಗಡಿಯನ್ನು ಐದೂವರೆಗೇ ಮುಚ್ಚುತ್ತಿದ್ದೆ.

ಅಷ್ಟಕ್ಕೆ ತೃಪ್ತಿಪಟ್ಟಿದ್ದರೆ ನಾನು ಮನುಷ್ಯನಾಗಿರುತ್ತಿದ್ದೆ. ಒಂದು ಗಂಟೆ ಮಾತಾಡುವವನು ಇಡೀ ದಿನ ಮಾತಾಡಬಾರದೇಕೆ ಎಂಬ ಆಸೆ ನನಗೆ ಹತ್ತಿತು. ಮುಳ್ಳೇರಿಯದ ಇಂಟರ್ನೆಟ್ ಅಂಗಡಿಯಲ್ಲಿ ಒಂದು ದಿನ ಚಿತ್ರವೊಂದನ್ನು ಕಂಡೆ: ಇಂಥದ್ದೇ ಪುಟ್ಟ ರೈಲು, ಗೋಡೆಯಿಲ್ಲದ ಚಪ್ಪಟೆ ವ್ಯಾಗನ್ನುಗಳು, ಅವುಗಳ ಮೇಲೆ ಸಾಲಾಗಿ ಸೈನ್ಯದ ಲಾರಿಗಳು. ನನಗೆ ಅಣ್ಣ ಹಿಂದೆ ಬರೆದಿದ್ದ ಕಾಗದ ನೆನಪಾಯಿತು. ಲಾರಿಗಳನ್ನು ರೈಲಿಗೆ ಹತ್ತಿಸಿ ಕಟ್ಟುತ್ತಾರೆ, ನಾವು ಲಾರಿಯೊಳಗೇ ಕೂತು ಮೂರು ದಿನ ಹೋಗುತ್ತೇವೆ, ಬಹಳ ಮಜಾ ಎಂದು ಬರೆದಿದ್ದ. ಇದು ಅಣ್ಣನದೇ ರೈಲು, ಇದನ್ನು ಕಂಡರೆ ಅವನ ಬಾಯಿ ಪೂರ್ತಿ ಬಿಚ್ಚಿಕೊಳ್ಳುತ್ತದೆ ಎಂದುಕೊಂಡೆ. ಅವನಿಗೆ ಹೇಳದೆ ಮಾಡಬೇಕು, ಒಮ್ಮೆಲೇ ಓಡಿಸಿ ತೋರಿಸಬೇಕು ಎಂದೂ ನಿಶ್ಚಯಿಸಿದೆ.

ಹುಡುಕಾಟ ಎರಡು ವರ್ಷ ಹಿಡಿಯಿತು. ಕಾಸರಗೋಡಾಯಿತು, ಮಂಗಳೂರಾಯಿತು. ದುಬೈಯ ಗೆಳೆಯನಿಗೆ ಫೋನು ಮಾಡಿದರೆ ಬೆಕ್ಕಿನಷ್ಟು ದೊಡ್ಡ ಟ್ಯಾಂಕು ತಂದ, ರಿಮೋಟಿನದ್ದು. ನಾನು ಬೈದೆ. ಮುಂದಿನ ಸಲ ಹೋಗುವಾಗ ಕಾಗದದ ಮೇಲೆ ಎಂಟು ಸೆಂಟಿಮೀಟರಿನ ಗೆರೆ ಎಳೆದು ಅವನ ಪರ್ಸಿನಲ್ಲಿಟ್ಟು ಕಳಿಸಿದೆ. ಗೆರೆಗೆ ಹಿಡಿದು ನೋಡಿಯೇ ತಂದಿದ್ದ ಪುಣ್ಯಾತ್ಮ. ಆದರೆ ತಂದದ್ದು ಜೀಪು. ಲಾರಿಯಷ್ಟು ಉದ್ದದ ಜೀಪು!

"ಎಂಟು ಸೆಂಟಿಮೀಟರ್ ಉಂಟಲ್ಲ ಮಾರಾಯ, ಸರಿಯಾಗಿ ನೋಡು!"

"ಜೀಪಿನ ಪಕ್ಕದಲ್ಲಿ ಮನುಷ್ಯ ನಿಂತ್ರೆ ಚಕ್ರದಷ್ಟು ಎತ್ತರಕ್ಕೆ ಬರ್ತಾನೆ. ಇದೆಂತ ಜೀಪು, ನಿನ್ನ ತಲೆ!"

"ನಿನಗೆ ಬೇರೆ ಕೆಲಸ ಇಲ್ವಾ? ಅಣ್ಣನಿಗೆ ಕೊಡು, ಅವ ಅಳ್ತೆ ನೋಡ್ತಾನಾ?"

ನೋಡುತ್ತಾನೆ, ಅವನಿಗಲ್ಲದೆ ಮತ್ತಾರಿಗೆ ಗೊತ್ತಾಗಬೇಕು ಎಂದು ನಾನು ವಾದಿಸಿದೆ. ಸೈನ್ಯದ ಮಾದರಿಗಳನ್ನು ಮಾಡುವವರು ಹೆಚ್ಚಾಗಿ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಅಂದರೆ ಸ್ವಲ್ಪ ದೊಡ್ಡದಾಗಿ ಮಾಡುತ್ತಾರೆ, ರೈಲಿನವರದ್ದು ಎಂಬತ್ತೇಳು. ಒಂದರ ಮೇಲೊಂದನ್ನು ಇಟ್ಟರೆ ಲಾರಿ ವ್ಯಾಗನ್ನಿನ ಅಂಚು ಮೀರಿ ಸುರಂಗದ ಬಾಯಿಗೆ ತಾಗುತ್ತದೆ. ಕಡೆಗೆ ಜರ್ಮನಿಯ ಒಬ್ಬ ವ್ಯಾಪಾರಿಯಲ್ಲಿ ಸರಿಯಾದ ಅಳತೆಯವು ಇವೆ ಎಂದು ಗೊತ್ತಾಗಿ, ಗೆಳೆಯ ಅವನ್ನು ದುಬೈಗೆ ತರಿಸಿ, 2009ರಲ್ಲಿ ಶರ್ಟುಗಳ ನಡುವೆ ಸುತ್ತಿ ತಂದುಕೊಟ್ಟ. ನಾಲ್ಕು ಲಾರಿ, ಒಂದು ಪೊಟ್ಟಣ ಪುಟ್ಟ ಮನುಷ್ಯರು.

ಲಾರಿಗಳು ಪರದೇಶದ ಮಾದರಿಯವು. ನಮ್ಮ ಸೈನ್ಯದವುಗಳಂತೆ ಕಾಣಬೇಕಲ್ಲ. ಮೂತಿಯನ್ನು ಅರದಿಂದ ಉಜ್ಜಿ ಸರಿಮಾಡಿದೆ, ತೆಳು ಕಾಗದಕ್ಕೆ ಗೋಂದು ಹಚ್ಚಿ ಟಾರ್ಪಾಲು ಮಾಡಿದೆ, ಮಣ್ಣು ಬೆರೆತ ಹಸಿರು ಬಳಿದೆ. ನಂಬರು ಬರೆಯುವಲ್ಲಿ ಸಿಕ್ಕಿಹಾಕಿಕೊಂಡೆ. ಸುಳ್ಳು ನಂಬರು ಬರೆಯಲು ಮನಸ್ಸು ಬರಲಿಲ್ಲ. ಅಣ್ಣ ಮಂಗಳೂರಿಗೆ ಡಾಕ್ಟರಲ್ಲಿಗೆ ಹೋದ ದಿನ ಅವನ ಟ್ರಂಕು ತೆರೆದೆ. ಹೌದು, ಕೇಳದೆ ತೆರೆದೆ. ಮಡಿಸಿಟ್ಟ ಸ್ವೆಟರಿನ ಅಡಿಯಲ್ಲಿ ಒಂದು ಫೋಟೋ ಇತ್ತು. ಅಣ್ಣ ಮತ್ತು ಅವನ ಹೆಗಲಿಗೆ ಕೈ ಹಾಕಿದ ಒಬ್ಬ ತೆಳ್ಳಗಿನ ಸಿಪಾಯಿ, ಹಿಂದೆ ಲಾರಿ. ಬಂಪರಿನ ಮೇಲೆ ಬಾಣದ ಗುರುತಿನ ಜೊತೆ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು. ಬರೆದುಕೊಂಡು ಫೋಟೋವನ್ನು ಇದ್ದ ಹಾಗೆಯೇ ಇಟ್ಟೆ.

ಕಣ್ಣಿಗೆ ಮಸೂರ ಸಿಕ್ಕಿಸಿ, ಒಂದೇ ಕೂದಲಿನ ಕುಂಚದಿಂದ ಮೊದಲ ಲಾರಿಗೆ ಆ ನಂಬರು ಬರೆದೆ. ಒಳಗೆ ಡ್ರೈವರನನ್ನು ಕೂರಿಸಿದೆ. ಫೋಟೋದಲ್ಲಿ ಇಬ್ಬರಿದ್ದಾರೆ ಎಂದು ಇನ್ನೊಬ್ಬನನ್ನೂ ಪಕ್ಕದಲ್ಲಿ ಕೂರಿಸಲು ನೋಡಿದೆ. ಬೊಂಬೆಯ ತೊಡೆ ಕಡಿದರೂ ಒಳಗೆ ಹಿಡಿಯಲಿಲ್ಲ. ಬಿಟ್ಟುಬಿಟ್ಟೆ. ನಾನು ಮಾಡಿದ ಕೆಲಸಗಳಲ್ಲೆಲ್ಲ ಆ ಲಾರಿಯೇ ಚೆಂದದ್ದು. ಹೆಂಡತಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಭಾವನನ್ನು ಒಂದು ಮಾತು ಕೇಳಿದ್ರಾ?" ಎಂದಳು. "ಕೇಳಿದ್ರೆ ಮತ್ತೆ ಎಂತ ಮಜಾ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಆ ಸಂಜೆ ಅಣ್ಣ ಎಂದಿನಂತೆ ಬಂದು ಕೂತು ಸ್ವಿಚ್ಚು ಹಿಡಿದ. ಸುರಂಗದೊಳಗೆ ಅಡಗಿಸಿಟ್ಟಿದ್ದ ರೈಲು ಹೊರಗೆ ಬಂತು. ಎಂಜಿನ್, ಅದರ ಹಿಂದೆ ನಾಲ್ಕು ವ್ಯಾಗನ್ನು, ನಾಲ್ಕು ಲಾರಿ. ನಾನು ರೈಲನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದೆ. ಒಂದು ಸುತ್ತು ಆಯಿತು. ಎರಡನೆಯ ಸುತ್ತಿನಲ್ಲಿ ಅವನು ರೈಲನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿದ.

"ಈ ನಂಬರು ಎಲ್ಲಿ ಸಿಕ್ಕಿತು?"

"ನಿನ್ನ ಫೋಟೋದಲ್ಲಿ." ನನಗೆ ನಗು ತಡೆಯಲಾಗುತ್ತಿರಲಿಲ್ಲ. ಕಂಡುಹಿಡಿದನಲ್ಲ ಎಂಬ ಹೆಮ್ಮೆ.

ಅವನು ಇನ್ನೂ ಬಗ್ಗಿ ಕಿಟಕಿಯೊಳಗೆ ನೋಡಿದ. "ಎಡಬದಿ ಖಾಲಿ ಬಿಟ್ಟಿದ್ದಿ."

"ಜಾಗ ಆಗ್ಲಿಲ್ಲ ಅಣ್ಣ."

ಅವನು ನೆಟ್ಟಗೆ ಕೂತ. ಕನ್ನಡಕ ತೆಗೆದು ಮಡಿಸಿದ. ಆಮೇಲೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ. "ಗಡಿಗೆ ಹೋಗುವಾಗ ಆ ಲಾರಿಯಲ್ಲಿ ನಾನು, ಆ ಫೋಟೋದಲ್ಲಿದ್ದವ, ನಾವು ಇಬ್ಬರು. ಮೂರು ದಿನ ಇಸ್ಪೀಟು ಆಡ್ಕೊಂಡು ಹೋದೆವು. ಅಲ್ಲಿ ಒಂದು ದಿನ ಲಾರಿ ಹಿಂದೆ ತೆಗೀಲಿಕ್ಕಿತ್ತು. ಇಳಿದು ಹಿಂದೆ ದಾರಿ ನೋಡು ಅಂತ ನಾನೇ ಹೇಳಿದೆ. ಅವ ಇಳಿದು ನಾಲ್ಕು ಹೆಜ್ಜೆ ಇಟ್ಟ. ನೆಲದಡಿಯಲ್ಲಿ ಮೈನು ಇತ್ತು, ನಮ್ಮವರೇ ಹುಗಿದ ಬಾಂಬು. ಬರುವಾಗ ಮೂರು ದಿನ ಅದೇ ರೈಲಿನಲ್ಲಿ, ಅದೇ ಲಾರಿಯಲ್ಲಿ ನಾನೊಬ್ಬನೇ. ಎಡಬದಿ ಖಾಲಿ."

ಸ್ವಿಚ್ಚನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಹೋದ. ಗಂಟೆ ಆರೂಕಾಲೂ ಆಗಿರಲಿಲ್ಲ.

ಅವನು ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಲಾರಿಗಳನ್ನು ತೆಗೆದು ಪೆಟ್ಟಿಗೆಗೆ ಹಾಕಿ, ಹಳೆಯ ಪ್ಯಾಸೆಂಜರ್ ಬೋಗಿಗಳನ್ನು ಜೋಡಿಸಿ, ಮೆಟ್ಟಿಲಲ್ಲಿ ನಿಂತು ಕರೆದೆ. "ಇವತ್ತು ಬೇಡ" ಎಂಬ ಉತ್ತರ ಬಂತು. ದಿನಾ ಅದೇ ಉತ್ತರ. ಹೆಂಡತಿ ತಡೆಯಲಾರದೆ ಒಂದು ದಿನ ಹೇಳಿಯೇಬಿಟ್ಟಳು: "ಊರಿಡೀ ಅವರನ್ನು ಮಿಲಿಟರಿ ಅಂತ ಕರೀತದೆ. ಆ ಕೋಣೆಯಲ್ಲಿ ಮಾತ್ರ ಅವರು ಬರೀ ಅಣ್ಣ ಆಗಿದ್ರು. ಅಲ್ಲಿಗೂ ನೀವು ಮಿಲಿಟರಿ ತಂದು ಹಾಕಿದ್ರಲ್ಲ!" ನಾಲ್ಕು ವರ್ಷ ಅವನು ಯಾಕೆ ಮೇಲೆ ಬರುತ್ತಿದ್ದ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ರೈಲು ಚೆಂದ ಮಾಡಿದ್ದೇನೆ, ಅದಕ್ಕೆ ಬರುತ್ತಾನೆ ಎಂದೇ ತಿಳಿದಿದ್ದೆ.

ಎರಡು ತಿಂಗಳಾದ ಮೇಲೆ ಅವನ ಕೋಣೆಗೆ ಹೋದೆ. ಮಂಚದ ತುದಿಯಲ್ಲಿ ಕೂತಿದ್ದ. ನಾನು ನೆಲದ ಮೇಲೆ ಕೂತೆ. ತಪ್ಪಾಯಿತು ಎಂದೆ, ಟ್ರಂಕು ತೆರೆಯಬಾರದಿತ್ತು ಎಂದೆ. "ಲಾರಿ ಒಂದೂ ಇಲ್ಲ ಅಣ್ಣ, ಎಲ್ಲ ತೆಗೆದೆ. ಮೊದಲಿನ ಹಾಗೆಯೇ ಉಂಟು. ಒಮ್ಮೆ ಬಾ."

ಅವನಿಗೆ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಲಾರಿ ತೆಗೆದಿ, ಸರಿ. ನಿನಗೆ ಗೊತ್ತಾದ್ದನ್ನು ತೆಗೀಲಿಕ್ಕೆ ಆಗ್ತದಾ? ನಾನು ಮೇಲೆ ಬಂದ್ರೆ ನೀನು ರೈಲು ನೋಡ್ಲಿಕ್ಕಿಲ್ಲ. ಇವನಿಗೆ ಈಗ ಎಂತ ಆಗ್ತದೋ ಅಂತ ನನ್ನ ಮುಖ ನೋಡ್ತಾ ಕೂರ್ತಿ. ಹಾಗೆ ನೋಡುವವರು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ."

ಹಾಗೆ ಮಾಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ಹೊತ್ತಿನಲ್ಲೂ ನಾನು ಅವನ ಮುಖವನ್ನು ಹಾಗೆಯೇ ನೋಡುತ್ತಿದ್ದೆ, ಅವನು ಅದನ್ನು ಕಂಡು ಗೋಡೆಯ ಕಡೆಗೆ ತಿರುಗಿ ಕೂತ.