ಸಿಗ್ನಲ್ ಕೈಯ ತವರು

ಬಚ್ಚಲಿನ ಹಂಡೆಗೆ ಬೆಂಕಿ ಹಾಕಲು ಹೋದವಳಿಗೆ ಸೌದೆಯ ರಾಶಿಯ ಮೇಲೆ ಕೆಂಪು ಬಣ್ಣದ ಉದ್ದನೆಯ ಹಲಗೆಯೊಂದು ಕಾಣಿಸಿತು. ಒಂದು ತುದಿಗೆ ಬಿಳಿಯ ಪಟ್ಟೆ, ಇನ್ನೊಂದು ತುದಿಗೆ ಎರಕ ಹೊಯ್ದ ಕಬ್ಬಿಣದ ಅಚ್ಚು, ಅಚ್ಚಿನಲ್ಲಿ ಎರಡು ಬಣ್ಣದ ಗಾಜು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೆ.ಆರ್. ನಗರದ ಕಡೆಯ ಒಂದು ಚಿಕ್ಕ ನಿಲ್ದಾಣದಲ್ಲಿ ನಮ್ಮ ಯಜಮಾನರು ಸ್ಟೇಷನ್ ಮಾಸ್ಟರು. ಮರದ ಸಿಗ್ನಲ್‌ಗಳನ್ನು ಇಳಿಸಿ ತಗಡಿನವನ್ನು ಏರಿಸುತ್ತಿದ್ದ ಕಾಲ ಅದು. ಹಾಗೆ ಇಳಿದುಬಂದ ಸಿಗ್ನಲ್ ಕೈ, ಸ್ನೇಹಿತರೇ, ನಮ್ಮ ಸ್ನಾನದ ನೀರು ಕಾಯಿಸಲು ಬಂದು ಬಿದ್ದಿತ್ತು.

ನನಗೆ ಮೊದಲು ಸಿಟ್ಟು ಬಂದದ್ದು ಅಲ್ಲಿಯೇ. ಅಡ್ಡವಾಗಿ ಚಾಚಿ ನಿಂತರೆ ನಿಲ್ಲು ಎಂದು, ಕೆಳಕ್ಕೆ ಬಾಗಿದರೆ ಬಾ ಎಂದು, ಅಷ್ಟು ದೊಡ್ಡ ಎಂಜಿನ್ನಿಗೆ ಅಪ್ಪಣೆ ಕೊಡುತ್ತಿದ್ದ ಕೈಯನ್ನು ಕೊಡಲಿಯಿಂದ ಸೀಳುವುದೆಂದರೇನು? ಎತ್ತಿ ಒಳಗೆ ತಂದು ನಡುಮನೆಯ ಗೋಡೆಗೆ ಒರಗಿಸಿದೆ. ಆಮೇಲೆ ಅದೊಂದು ಗೀಳೇ ಆಯಿತು. ಅಕ್ಕಪಕ್ಕದ ನಿಲ್ದಾಣಗಳಿಂದ ಒಡೆದ ದೀಪದ ಬುರುಡೆಗಳು, ತುಕ್ಕು ಹಿಡಿದ ಸನ್ನೆಗೋಲುಗಳು ನಮ್ಮ ಮನೆಗೆ ನೆಂಟರಂತೆ ಬಂದು ಸೇರಿದವು. "ಬೇರೆ ಹೆಂಗಸರು ಸ್ಟೀಲ್ ಪಾತ್ರೆ ಕೂಡಿಸ್ತಾರೆ ಕಣೇ, ನೀನು ರೈಲ್ವೆ ಗುಜರಿ ಕೂಡಿಸ್ತೀಯ," ಎಂದು ಯಜಮಾನರು ಗೊಣಗುತ್ತಿದ್ದರು. ಮೇಲಿನವರು ಏನೆಂದಾರೋ ಎಂಬ ಭಯ ಅವರಿಗೆ. ಫೋನಿನಲ್ಲಿ ಸಾಹೇಬರ ದನಿ ಕೇಳಿದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವ ಮನುಷ್ಯ.

ಕೂಡಿಸಿದ್ದು ಎಲ್ಲಿಯದು ಎಂದು ತಿಳಿಯುವ ಆಸೆ ಕೂಡಿಸುವವರಿಗೆ ತಪ್ಪದು. ಕಬ್ಬಿಣದ ಅಚ್ಚಿನ ಮೇಲೆ ಇಂಗ್ಲೆಂಡಿನ ಯಾವುದೋ ಊರಿನ ಹೆಸರು ಉಬ್ಬಕ್ಷರದಲ್ಲಿತ್ತು. ನೋಡಿದವರೆಲ್ಲ, "ಹಡಗಿನಲ್ಲಿ ಬಂದ ಸಾಮಾನು, ಅದಕ್ಕೇ ಇಷ್ಟು ಗಟ್ಟಿ," ಎಂದು ತಲೆದೂಗಿದರು. ಒಂದು ದಿನ ಹಳಿ ರಿಪೇರಿಯ ಗ್ಯಾಂಗಿನವರಿಂದ ಸ್ಪ್ಯಾನರ್ ಇಸಿದುಕೊಂಡು ಅಚ್ಚನ್ನು ಬಿಚ್ಚಿದೆ. ಬಣ್ಣ ತಾಗದೆ ಉಳಿದಿದ್ದ ಮರದ ಮೇಲೆ, ಸುತ್ತಿಗೆಯಿಂದ ಹೊಡೆದ ಒಂದು ದುಂಡನೆಯ ಮುದ್ರೆ ಇತ್ತು.

ಹುಣಸೂರಿನ ಮರದ ಡಿಪೋದಲ್ಲಿ ನನ್ನ ಅಣ್ಣ ಗುಮಾಸ್ತ; ದಿಮ್ಮಿಗಳಿಗೆ ಹೊಡೆಯುವ ಇಂಥ ಮುದ್ರೆಗಳು ಅವನಿಗೆ ದಿನನಿತ್ಯದವು. ಹಲಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ ಅವನ ಮುಂದಿಟ್ಟೆ. ಅವನು ನೋಡಿದವನೇ ನಕ್ಕ. "ಇದ್ಯಾವ ಇಂಗ್ಲೆಂಡು? ಇದು ಎಚ್.ಡಿ. ಕೋಟೆ ಕಾಡಿನ ತೇಗ. ಹಳೇ ಮುದ್ರೆ. ಕಬ್ಬಿಣ ಅಲ್ಲಿಂದ ಬಂದಿರಬಹುದು, ಕೈ ನಮ್ಮದೇ."

ಹಳಿಯ ಕೆಳಗಿನ ದಿಮ್ಮಿಗಳು, ರೈಲು ಡಬ್ಬಿಗಳ ಹಲಗೆಗಳು, ಸಿಗ್ನಲ್ಲಿನ ಕೈಗಳು, ಇವಕ್ಕೆಲ್ಲ ಮರ ಕೊಟ್ಟ ಸೀಮೆಗೆ ಮಾತ್ರ ರೈಲು ಹೋಗಲೇ ಇಲ್ಲವೆಂಬುದು ಆಗ ನನಗೆ ಹೊಳೆಯಿತು. ಕೋಟೆಗೆ ರೈಲಿಲ್ಲ, ಹುಣಸೂರಿಗಿಲ್ಲ, ಪಿರಿಯಾಪಟ್ಟಣಕ್ಕಿಲ್ಲ. ಮರ ಗಾಡಿಯಲ್ಲಿ ಆಚೆ ಹೋಯಿತು, ಈಚೆಗೆ ರೈಲಿನ ಸಿಳ್ಳೂ ಬರಲಿಲ್ಲ, ಹೊಗೆಯೂ ಬರಲಿಲ್ಲ.

ಆ ಮುದ್ರೆಯ ಕಾಡಿನಲ್ಲಿ ಮರ ಕಡಿಯುತ್ತಿದ್ದವರು ಕಾಡಂಚಿನ ಒಂದೇ ಹಾಡಿಯವರೆಂದು ಅಣ್ಣ ಹೇಳಿದ. ಹಲಗೆಯೊಂದಿಗೆ ಇಬ್ಬರೂ ಹೋದೆವು. ಹಾಡಿಯೆಂದರೆ ಕಾಡಿನ ಜನರ, ಬಿದಿರ ತಟ್ಟಿಯ ಹತ್ತಾರು ಗುಡಿಸಲು, ನಡುವೆ ಒಂದು ಅಂಗಳ. ಮಾಸ್ತಿ ಎಂಬ ನರೆತ ಕೂದಲಿನ ಮನುಷ್ಯ ನಮ್ಮನ್ನು ಕೂರಿಸಿದ. ಹಲಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಸವರಿದ.

"ನಮ್ಮಪ್ಪ ರೈಲ್ಗೆ ಅಂತ ಮರ ಕಡೀತಿದ್ದ ಕಣವ್ವ. ದಿಮ್ಮಿ ಉರುಳಿ ಅದರಡೀಲೇ ಸತ್ತೋದ. ನಾನಿನ್ನೂ ರೈಲು ನೋಡಿಲ್ಲ."

ಇದು ರೈಲನ್ನು ನಿಲ್ಲಿಸುವ ಕೈ ಎಂದು ನಾನು ವಿವರಿಸಿದೆ. ಅವನು ಹಾಡಿಯ ಕೆಳಗಿನ ಹೊಳೆಯ ಕಡೆ ತಿರುಗಿದ. ಆ ವರ್ಷ ಹೊಳೆಗೆ ಅಣೆಕಟ್ಟು ಏಳುತ್ತಿತ್ತು. ಹಾಡಿ ಮುಳುಗುತ್ತದೆ, ಎದ್ದು ಹೋಗಿ ಎಂದು ಅವರಿಗೆ ಹೇಳಿಯಾಗಿತ್ತು.

"ನೀರ್ ಬರೋ ದಾರೀಲಿ ಇಂಥದ್ದೊಂದು ನೆಟ್ರೆ ನಿಂತ್ಕತದೇನವ್ವಾ?" ಎಂದು ಕೇಳಿದ.

ಅವನು ಕುಹಕವಾಡಲಿಲ್ಲ. ನಿಜವಾಗಿಯೂ ಕೇಳಿದ. ಅಣ್ಣ ನೆಲ ನೋಡಿದ.

ಮುಂದಿನ ಮಳೆಗಾಲಕ್ಕೆ ಮೊದಲೇ ಅವರನ್ನು ಎಬ್ಬಿಸಿದರು. ಮರದ ನೆರಳೂ ಇಲ್ಲದ ಕಲ್ಲುಭೂಮಿಯಲ್ಲಿ ಸಾಲುಮನೆ. ಜೇನು ಕೀಳುತ್ತಿದ್ದವರು ರಸ್ತೆಗೆ ಜಲ್ಲಿ ಒಡೆಯತೊಡಗಿದರು.

ಅದೇ ಕಾಲಕ್ಕೆ ಮೈಸೂರಿನಲ್ಲಿ ಹಳೆಯ ರೈಲು ಸಾಮಾನುಗಳ ಪ್ರದರ್ಶನವೊಂದು ಏರ್ಪಾಡಾಯಿತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನಮ್ಮ ಗೋಡೆಗೊರಗಿದ್ದ ಕೈಯನ್ನು ಕಂಡು ಹಿಗ್ಗಿದರು. ಕೊಡಲು ನನ್ನದೇನೂ ಅಡ್ಡಿಯಿರಲಿಲ್ಲ. ಪಕ್ಕದ ಫಲಕದಲ್ಲಿ ಮರ ಕೋಟೆಯ ಕಾಡಿನದೆಂದೂ ಕಡಿದವರು ಇಂಥ ಹಾಡಿಯವರೆಂದೂ ಬರೆಸಬೇಕು ಎಂದೆ.

"ಅವರೇ ಕಡಿದರು ಅನ್ನೋದಕ್ಕೆ ಪುರಾವೆ ಇದೆಯೇನಮ್ಮ?" ಎಂದರು.

"ಆ ಅಚ್ಚು ಎರೆದವರು ಯಾರು ಅನ್ನೋದಕ್ಕೆ ನಿಮ್ಮ ಹತ್ತಿರ ಪುರಾವೆ ಇದೆಯಾ ಸಾರ್? ಊರಿನ ಹೆಸರು ಸಾಕಲ್ಲ ಅದಕ್ಕೆ. ಇದಕ್ಕೂ ಊರಿನ ಹೆಸರು ಹಾಕಿಸಿ."

ಅವರು ನಕ್ಕು, ಆಗಲಿ ಎಂದರು. ಆ 'ಆಗಲಿ'ಯನ್ನು ನಂಬಿ ನಾನು ಮಾಸ್ತಿಗೆ ಹೇಳಿಕಳಿಸಿದೆ. ಅವನು ಒಗೆದ ಅಂಗಿ ತೊಟ್ಟು ನಮ್ಮೂರಿಗೆ ಬಂದ. ಜೀವನದಲ್ಲಿ ಮೊದಲ ಬಾರಿಗೆ ರೈಲು ಹತ್ತಿ ನನ್ನೊಡನೆ ಮೈಸೂರಿಗೆ ಬಂದ. ದಾರಿಯುದ್ದಕ್ಕೂ ಕಿಟಕಿಯ ಚೌಕಟ್ಟನ್ನು ಬೆರಳಿಂದ ತಟ್ಟುತ್ತಲೇ ಇದ್ದ.

ಸಭಾಂಗಣದ ನಟ್ಟನಡುವೆ, ಹೊಸ ಬಣ್ಣ ಬಳಿಸಿಕೊಂಡು, ಕೆಂಪು ಮಖಮಲ್ಲಿನ ಮೇಲೆ ಕೈ ಮಲಗಿತ್ತು. ಫಲಕದಲ್ಲಿ ಇದ್ದದ್ದು ಇಂಗ್ಲೆಂಡಿನ ಆ ಊರು ಮಾತ್ರ. ನಾನು ಎರಡು ಸಲ ಓದಿದೆ. ಅಕ್ಷರ ಬಾರದ ಮಾಸ್ತಿ ಅದನ್ನು ನೋಡಲೂ ಇಲ್ಲ. ಬಗ್ಗಿ, ಹಲಗೆಯ ಮೇಲೆ ಅಂಗೈ ಇಟ್ಟ.

"ಏಯ್, ಮುಟ್ಟಬೇಡ ಕಣೋ!" ಎಂದು ಕಾವಲಿನವನು ಗದರಿದ.

ಮಾಸ್ತಿ ಬೆಂಕಿ ತಾಗಿದವನಂತೆ ಕೈ ಹಿಂದೆಗೆದ. ಅವನು ಹಾಗೆ ಹಿಂದೆಗೆದ ರೀತಿ ಇದೆಯಲ್ಲ, ಅದನ್ನು ನೋಡಿದ ಮೇಲೆ ನನ್ನ ಮೈಮೇಲೆ ನನಗೆ ಸ್ಥಿಮಿತ ಉಳಿಯಲಿಲ್ಲ. ಹಲಗೆಯನ್ನು ಎತ್ತಿ ಅವನ ತೋಳಿಗೆ ಕೊಟ್ಟೆ. "ಹಿಡ್ಕೋ ಮಾಸ್ತಿ. ನಿಮ್ಮಪ್ಪ ಜೀವ ಕೊಟ್ಟದ್ದು ಇಂಥದ್ದಕ್ಕೇ." ಸುತ್ತ ಜನ ಸೇರಿತು. ನನಗೆ ಮಾತು ಕೊಟ್ಟಿದ್ದ ಅಧಿಕಾರಿ ಓಡಿಬಂದರು.

"ಇದು ಸರ್ಕಾರದ ಆಸ್ತಿ, ಮೇಡಂ!"

"ಸೌದೆ ರಾಶಿಯಲ್ಲಿ ಬಿದ್ದಿದ್ದಾಗ ಯಾರ ಆಸ್ತಿಯಾಗಿತ್ತು ಸಾರ್? ಒಂದು ಹಲಗೆ ಕೆಡದ ಹಾಗೆ ಮಖಮಲ್ಲು ಹಾಸಿದ್ದೀರಿ. ಅದನ್ನು ಕಡಿದವರ ಮಕ್ಕಳನ್ನ ಕಲ್ಲಿನ ಮೇಲೆ ಎಸೆದಿದ್ದಾರೆ. ಅವರ ಹಾಡಿಯ ಹೆಸರನ್ನ ಒಂದು ಕಾಗದದ ಚೂರಿನಲ್ಲಿ ಬರೆಯೋಕೂ ನಿಮ್ಮ ಕೈಲಿ ಆಗಲಿಲ್ಲ!"

ಮಾಸ್ತಿಯೇ ಹಲಗೆಯನ್ನು ಮೆಲ್ಲನೆ ಮಖಮಲ್ಲಿನ ಮೇಲಿಟ್ಟು, "ಬುಡವ್ವ, ಓಗವ," ಎಂದ. ನಾವು ಹೊರಟುಬಂದೆವು.

ಮರುದಿನ ನಿಲ್ದಾಣದ ಫೋನು ಬಡಿದುಕೊಂಡಿತು. ಯಜಮಾನರು ಎಂದಿನಂತೆ ಎದ್ದು ನಿಂತರು. ಬಾಗಿಲಲ್ಲಿ ನಾನು. ಹೆಂಡತಿಯ ಪರವಾಗಿ ಕ್ಷಮೆ ಕೇಳಬೇಕೆಂದು ಆ ಕಡೆಯಿಂದ ಸಾಹೇಬರು ಗದರುತ್ತಿರುವುದು ನನಗೂ ಕೇಳಿಸುತ್ತಿತ್ತು. ಇವರು ಬೆವರಿದರು, ಕನ್ನಡಕ ತೆಗೆದರು, ಆಮೇಲೆ ಕುರ್ಚಿಯಲ್ಲಿ ಕೂತರು. ಕೂತುಕೊಂಡೇ ಹೇಳಿದರು: "ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು ಅಂತ ತೋರಿಸಿ ಸಾರ್. ಆಮೇಲೆ ಕೇಳ್ತೀನಿ."

ಸುಳ್ಳನ್ನು ಯಾರೂ ತೋರಿಸಲಿಲ್ಲ. ಯಜಮಾನರಿಗೆ ದೂರದ ಊರಿಗೆ ವರ್ಗವಾಯಿತು. ಫಲಕ ಹಾಗೆಯೇ ಉಳಿಯಿತೆಂದು ಆಮೇಲೆ ತಿಳಿಯಿತು.

ಹೊರಡುವ ಮುನ್ನ ನಾನೂ ಯಜಮಾನರೂ ಮಾಸ್ತಿಯನ್ನು ನೋಡಲು ಹೋದೆವು. ಬಿಸಿಲಲ್ಲಿ ಜಲ್ಲಿ ಒಡೆಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟು ಎದ್ದ. ವರ್ಗದ ಸುದ್ದಿ ಕೇಳಿ ಅವನ ಮುಖ ಬಾಡಿತು. ಯಜಮಾನರ ಎದುರು ಕೈಮುಗಿದು, "ನನ್ನಿಂದ ನಿಮ್ಗೆ ಊರು ಬುಡೋ ಅಂಗಾಯ್ತಲ್ಲ ಸೋಮಿ, ತಪ್ಪಾಯ್ತು," ಎಂದ.

ಹುಟ್ಟಿದ ಕಾಡನ್ನೇ ಕಳೆದುಕೊಂಡವನು, ಒಂದು ವರ್ಗಾವಣೆಗಾಗಿ, ನಮ್ಮ ಹತ್ತಿರ ಕ್ಷಮೆ ಕೇಳಿದ! ಅವನ ಬಳಿ ಕ್ಷಮೆ ಕೇಳಬೇಕಾದವರು ಯಾರೂ ಆ ಕಲ್ಲುಭೂಮಿಗೆ ಕಾಲಿಡಲಿಲ್ಲ. ಯಜಮಾನರು ಮುಗಿದಿದ್ದ ಅವನ ಕೈಗಳನ್ನು ಹಿಡಿದು ಬಿಡಿಸಿದರು. ನನಗೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ.