ಇಟ್ಟಿಗೆಯ ಪೆಟ್ಟಿಗೆ, ಒಂದು ಗೇಣು ಕಿಟಕಿ

ಕರೆಂಟು ತಿಂದು ಬಿಸಿಯಾಗಿ, ಕರೆಂಟು ಹೋದ ಮೇಲೂ ಅರ್ಧ ದಿನ ಕಾವು ಬಿಡುವ ಇಟ್ಟಿಗೆಗಳನ್ನು ನಾನು ಅರವತ್ತರ ದಶಕದಲ್ಲೇ ಕಾರ್ಗಲ್ಲಿನಲ್ಲಿ ಮುಟ್ಟಿ ನೋಡಿದ್ದೇನೆ. ನೀವು ನಂಬುವುದಿಲ್ಲ. ನಂಬಿದರೆ ನನ್ನ ಮರ್ಯಾದೆಗೇ ಕಡಿಮೆ. ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿಗೆ ಓಡುತ್ತಿದ್ದ ಬಸ್ಸಿನಲ್ಲಿ ನಾನು ಕಂಡಕ್ಟರು. ಆ ಮೂರು ಊರಿನ ನಡುವೆ ನನ್ನಷ್ಟು ಚೆನ್ನಾಗಿ ಸುಳ್ಳು ಹೇಳುವವನು ಇನ್ನೊಬ್ಬನಿರಲಿಲ್ಲ. ಹೊಸನಗರದ ನಮ್ಮ ಮನೆಗೆ ಬಲ್ಬು ಬಂದಾಗ, ಊದಿದರೆ ಆರುತ್ತದೆ ಎಂದು ಅಮ್ಮನಿಗೆ ಹೇಳಿ, ಅವಳು ಊದಿದಾಗಲೆಲ್ಲ ಬಾಗಿಲ ಮರೆಯಿಂದ ಸ್ವಿಚ್ಚು ಒತ್ತಿದವನು ನಾನು. ಒಂದು ವಾರ ಊದಿದಳು. ಎಂಟನೇ ದಿನ ಹಿಡಿದುಹಾಕಿದಳು. ಆಮೇಲೆ ಕರೆಂಟಿನ ವಿಷಯದಲ್ಲಿ ನನ್ನ ಒಂದು ಮಾತನ್ನೂ ನಂಬಲಿಲ್ಲ. ಆ ತಮಾಷೆ ನನಗೆಷ್ಟು ತುಟ್ಟಿಯಾದೀತೆಂದು ಆಗ ಗೊತ್ತಿರಲಿಲ್ಲ.

ನಮ್ಮ ಮೊದಲ ಮಗು ಹುಟ್ಟಿದ್ದು ಹೆಂಡತಿಯ ತವರಾದ ತೀರ್ಥಹಳ್ಳಿಯಲ್ಲಿ, ಪುಷ್ಯದ ಚಳಿಯಲ್ಲಿ. ಬಾಣಂತಿ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟಿದ್ದರು. ಗಾಳಿ ಬರಬಾರದೆಂದು ಬಾಗಿಲು ಮುಚ್ಚಿತ್ತು. ಕಿಟಕಿಯ ಸಂದಿಗೆ ನನ್ನ ಅತ್ತೆ ಬಟ್ಟೆ ತುರುಕಿದ್ದರು. ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೆಂಡತಿ ತಲೆ ಎತ್ತಲಾರದೆ ವಾಂತಿ ಮಾಡುತ್ತಿದ್ದಳು. ಮಗು ಮಲಗಿತ್ತು. ಕೆನ್ನೆ ಕೆಂಪಗೆ, ಒಳ್ಳೆಯ ನಿದ್ದೆ ಹತ್ತಿದ ಹಾಗೆ. ಏಳಲಿಲ್ಲ.

“ಗಾಳಿ ಸೋಕ್ತು” ಎಂದರು ಎಲ್ಲರೂ. ನಮ್ಮ ಕಡೆ ಗಾಳಿಯೆಂದರೆ ಬೀಸುವ ಗಾಳಿಯೂ ಹೌದು, ಮೈಮೇಲೆ ಬರುವ ದೆವ್ವವೂ ಹೌದು. ಯಾವ ಗಾಳಿ ಎಂದು ಯಾರೂ ಕೇಳಲಿಲ್ಲ. ಎರಡಕ್ಕೂ ಮದ್ದು ಒಂದೇ: ಎಲ್ಲ ಮುಚ್ಚುವುದು.

ಎರಡು ವರ್ಷದ ಮೇಲೆ ಅವಳು ಮತ್ತೆ ಬಸುರಾದಳು. ಈ ಸಲ ಬಾಣಂತನ ನಮ್ಮ ಮನೆಯಲ್ಲಿ. ದಿನ ತುಂಬುವುದು ಮತ್ತೆ ಪುಷ್ಯದಲ್ಲೇ. ಮಾರ್ಗಶಿರ ಕಳೆಯುವ ಮೊದಲೇ ಅಮ್ಮ ಹಿಂದಿನ ಕೋಣೆ ಗುಡಿಸಿ, ಗೋಡೆಯ ಒಂದೊಂದು ತೂತಿಗೂ ಸಗಣಿ ಮೆತ್ತತೊಡಗಿದಳು. ಹೆಂಡತಿ ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ.

ಬಸ್ಸು ಕೆಟ್ಟು ಸಾಗರದಲ್ಲಿ ನಿಂತ ಒಂದು ದಿನ ನಾನು ಲಾರಿ ಹತ್ತಿ ಕಾರ್ಗಲ್ಲಿಗೆ ಹೋದೆ. ಅಣೆಕಟ್ಟೆಯ ಕೆಲಸ ಮುಗಿಸಿ ಹೋದ ಹೊರದೇಶದ ಎಂಜಿನಿಯರೊಬ್ಬ ತನ್ನ ಸಾಮಾನು ಮಾರಲು ಬಿಟ್ಟಿದ್ದಾನೆಂದು ಸುದ್ದಿಯಿತ್ತು. ಬಂಗಲೆಯ ಅಡಿಗೆಯವನು ತೋರಿಸಿದ: ಸೊಂಟದೆತ್ತರದ ತಗಡಿನ ಪೆಟ್ಟಿಗೆ, ಒಳಗೆ ಕಪ್ಪು ಇಟ್ಟಿಗೆ. ಬೆಳಿಗ್ಗೆ ಕರೆಂಟು ಕೊಟ್ಟು ಆರಿಸಿದ್ದನಂತೆ. ಮುಟ್ಟಿದೆ. ಮಲಗಿದ ದನದ ಹೊಟ್ಟೆಯ ಹಾಗೆ ಬೆಚ್ಚಗಿತ್ತು.

“ನಿಮ್ ದೊರೆಗೆ ಕೆಂಡ ಆಗ್ತಿರ್ಲಿಲ್ವಾ?” ಎಂದೆ.

“ಕೆಂಡ ಒಳಗ್ ತಂದ್ರೆ ಕೆಲ್ಸದಿಂದ ತೆಗೀತೀನಿ ಅಂತಿದ್ದ ಮಾರಾಯ್ರೆ. ಕೂಲಿಯೋರ ಶೆಡ್ಡಲ್ಲಿ ಇಬ್ರು ಬಾಗ್ಲು ಹಾಕ್ಕಂಡು, ಕೆಂಡ ಇಟ್ಕಂಡು ಮಲಗಿದ್ರು. ಬೆಳಗ್ಗೆ ಏಳ್ಲೇ ಇಲ್ಲ. ಹೊಗೆ ಇಲ್ಲ, ವಾಸ್ನೆ ಇಲ್ಲ. ಮಕ ನೋಡಿದ್ರೆ ಕೆಂಪಗೆ, ನಿದ್ದೆ ಬಂದಂಗೆ.”

ಕೆಂಪಗೆ ಇತ್ತಾ ಎಂದು ಇನ್ನೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಬೆಲೆ ಕೇಳಿದೆ.

ಪೆಟ್ಟಿಗೆಯ ಬೆಲೆ ನಮ್ಮ ಮನೆಯ ಕರೆಯುವ ಎಮ್ಮೆಯ ಬೆಲೆಗೆ ಸರಿಸಮವಾಗಿತ್ತು. ಮನೆಗೆ ಬಂದು ಹೇಳಿದೆ.

“ಎಮ್ಮೆ ಮಾರಿ ಇಟ್ಟಿಗೆ ತರ್ತಾನಂತೆ!” ಅಮ್ಮ ಸಗಣಿಗೈಯಲ್ಲೇ ಎದ್ದಳು. “ಬಾಣಂತಿಗೆ ಹಾಲು ಎಲ್ಲಿಂದ ಕರೀತೀಯ, ಇಟ್ಟಿಗೆಯಿಂದನಾ?”

“ಅಮ್ಮಾ, ಆ ಕೂಸು ಹೋಗಿದ್ದು ಗಾಳಿ ಬಂದು ಅಲ್ಲ. ಗಾಳಿ ಇಲ್ದೆ. ಇದ್ರಲ್ಲಿ ಕೆಂಡನೇ ಇಲ್ಲ, ಕರೆಂಟು.”

“ಬಲ್ಬ್ ಊದ್ಸಿದವ ನೀನು. ಹೋಗಾ ಪೋಕರಿ.”

ಲೈನ್‌ಮನ್ನನ್ನು ಕರೆತಂದೆ. ಅವನು ನಮ್ಮ ಮನೆಯ ತಂತಿ ನೋಡಿ ನಕ್ಕ. “ಈ ದಾರದಲ್ಲಿ ಆನೆ ಕಟ್ತೀಯೇನ? ಕಂಬದಿಂದ ಬೇರೆ ದಪ್ಪ ತಂತಿ ಎಳೀಬೇಕು, ಅದಕ್ಕೆ ಇನ್ನೊಂದ್ ಎಮ್ಮೆ ಮಾರು. ಎಳೆದ್ರೂ ಎಂತ ಮಾಡಾದು? ಇಟ್ಟಿಗೆ ಬಿಸಿಯಾಗೋದ್ರೊಳಗೆ ಕರೆಂಟು ಹೋಗಿರ್ತದೆ.”

ಆದರೂ ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಗ್ಗಕ್ಕೆ ಕೈಹಾಕಿದೆ. ಹಿಂದಿನ ಕೋಣೆಯಲ್ಲಿ ಮುಚ್ಚದೆ ಉಳಿದಿದ್ದದ್ದು ಇನ್ನು ಒಂದು ಕಿಟಕಿ. ಅದರ ಅಳತೆಗೂ ಅಮ್ಮ ಗೋಣಿ ಹೊಲಿದಿಟ್ಟಿದ್ದಳು. ಹೆಂಡತಿ ಸೊಂಟಕ್ಕೆ ಕೈಕೊಟ್ಟುಕೊಂಡು ಹಿಂದೆಯೇ ಬಂದಳು.

“ಆ ಪೆಟ್ಟಿಗೆ ಎಂತಕ್ಕೆ?”

“ಕಿಟಕಿ ಮುಚ್ಚಿದ್ರೂ ಕೂಸಿಗೆ ಏನೂ ಆಗಲ್ಲ, ಅದಕ್ಕೆ.”

“ಹಂಗಾದ್ರೆ ಕಿಟಕಿ ತೆಗ್ಸಿ. ಎಮ್ಮೆ ಇರ್ಲಿ.”

“ಅಮ್ಮ ನನ್ ಮಾತು ನಂಬ್ಬೇಕಲ್ಲ?”

“ನಿಮ್ ನಿಜ ಯಾವತ್ತು ನಂಬಿದಾರೆ? ಸುಳ್ಳು ಹೇಳಿ. ಅದನ್ನ ಪ್ರತಿಸಲ ನಂಬ್ತಾರೆ.”

ಮರುದಿನ ಕೆಲಸ ಮುಗಿಸಿ ಬಂದವನೇ ಮುಖ ಸಣ್ಣದು ಮಾಡಿಕೊಂಡು ಜಗಲಿಯಲ್ಲಿ ಕೂತೆ. ಅಮ್ಮ ಮೂರು ಸಲ ಕೇಳುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದೆ: ಆನಂದಪುರದಲ್ಲಿ ಬಸ್ಸು ಹತ್ತಿದ ಮುದುಕನೊಬ್ಬ ನನ್ನ ಮುಖ ನೋಡಿ ಬೆಚ್ಚಿದ. “ನಿನ್ ಮನೇಲಿ ಗಾಳಿ ಸೇರ್ಕಂಡದೆ. ಹಿಂದಿನ ಕೋಣೇಲಿ. ಹೊರಗ್ ಹೋಗಾಕೆ ದಾರಿ ಹುಡುಕ್ತಾ ಅದೆ. ದಾರಿ ಮುಚ್ಚಿದ್ರೆ ಹೋದ ಸಲದಂಗೇ” ಎಂದ.

ಅಮ್ಮ ಗೋಣಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. “ಎಷ್ಟು ದಾರಿ ಬೇಕಂತೆ?”

“ಒಂದು ಗೇಣು. ಹಗಲೂ ರಾತ್ರಿ.”

ಪುಷ್ಯದಲ್ಲಿ ಮಗಳು ಹುಟ್ಟಿದಳು. ಕಿಟಕಿ ಒಂದು ಗೇಣು ತೆರೆದಿತ್ತು. ಅಗ್ಗಿಷ್ಟಿಕೆ ಮಾತ್ರ ಒಳಗೇ ಇತ್ತು; ಅದನ್ನು ಹೊರಗೆ ಹಾಕಿಸುವಷ್ಟು ದೊಡ್ಡ ಸುಳ್ಳು ನನ್ನ ಹತ್ತಿರವೂ ಇರಲಿಲ್ಲ. ದಿನಾ ಬೆಳಿಗ್ಗೆ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಉಸಿರು ಕೇಳುತ್ತಿತ್ತೋ, ನನ್ನದೇ ಎದೆ ಕೇಳುತ್ತಿತ್ತೋ ಗೊತ್ತಾಗುತ್ತಿರಲಿಲ್ಲ.

ಒಂಬತ್ತನೇ ದಿನ ಬಾಗಿಲು ತೆಗೆದರೆ ಕಿಟಕಿ ಎರಡು ಬೆರಳಿಗೆ ಬಂದಿತ್ತು. ಚಳಿ ತಡೆಯದೆ ಅಮ್ಮ ಎಳೆದಿದ್ದಳು. ಹೆಂಡತಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಮಗುವಿನ ಕೆನ್ನೆ ಕೆಂಪಗಿತ್ತು.

ನಾನು ಎತ್ತಿದ ರಭಸಕ್ಕೆ ಮಗು ಕಿರುಚಿಕೊಂಡಿತು. ಹೆಂಡತಿ ದಿಗ್ಗನೆ ಎದ್ದು ಕೂತಳು.

“ಮಲಗಿದ್ ಕೂಸಿನ ಎಂತಕ್ಕೆ ಎಬ್ಸಿದ್ಯಾ ಪೋಕರಿ?” ಅಮ್ಮ ಅಡಿಗೆಮನೆಯಿಂದ ಬೈದಳು.

ಕಿಟಕಿಯನ್ನು ಪೂರ್ತಿ ತಳ್ಳಿ, ಮಗುವನ್ನು ಎತ್ತಿಕೊಂಡೇ ಅಲ್ಲಿ ನಿಂತೆ, ಅಳುವಷ್ಟೂ ಅಳಲಿ ಎಂದು. ಆ ದಿನ ಬಸ್ಸು ಕಂಡಕ್ಟರಿಲ್ಲದೆ ಹೋಯಿತು.

ಮಗಳು ಬದುಕಿದಳು. ಎಮ್ಮೆಯೂ ಉಳಿಯಿತು. ಪೆಟ್ಟಿಗೆ ಯಾರ ಪಾಲಾಯಿತೋ ನಾನು ವಿಚಾರಿಸಲಿಲ್ಲ.

ಇಷ್ಟು ಹೇಳಿದ್ದರಲ್ಲಿ ನಾನು ಕಟ್ಟಿದ ಸುಳ್ಳು ಒಂದಿದೆ. ಅದು ಇಟ್ಟಿಗೆಯ ಪೆಟ್ಟಿಗೆಯೆಂದು ನೀವು ಊಹಿಸಿರುತ್ತೀರಿ; ಪೆಟ್ಟಿಗೆ ನಿಜಕ್ಕೂ ಇತ್ತು. ತೀರ್ಥಹಳ್ಳಿಯ ಆ ಕಿಟಕಿಗೆ ಬಟ್ಟೆ ತುರುಕಿದ್ದು ಅತ್ತೆಯಲ್ಲ. ಎಂಟನೇ ದಿನ ರಾತ್ರಿ ಮಗು ನೋಡಲು ಹೋದ ನಾನು, ಚಳಿಯಾದೀತೆಂದು, ಸಂದಿ ಕಾಣದ ಹಾಗೆ ತುರುಕಿ ಬಂದಿದ್ದೆ.